ಬಸುರಿಯ ಸಂಚಿ

ಕಾಫಿ ಸೀಮೆಯ ಮನೆಗಳಲ್ಲಿ ಹೆಂಗಸರಿಗೆಲ್ಲ ಗೊತ್ತಿರುವ ಸಂಗತಿಯೊಂದಿದೆ. ಮುಟ್ಟು ನಿಂತು ಎರಡು ತಿಂಗಳಾಗುವ ಹೊತ್ತಿಗೆ ಎಷ್ಟೋ ಬಸುರಿಯರಿಗೆ ಕಾಫಿಯ ವಾಸನೆಯೇ ಆಗಿಬರುವುದಿಲ್ಲ. ಹೋದ ತಿಂಗಳವರೆಗೂ ಎದ್ದ ಕೂಡಲೇ ಬೆಲ್ಲದ ಕಾಫಿ ಬೇಕು ಎನ್ನುತ್ತಿದ್ದವಳು ಈಗ ಒಲೆಯ ಮೇಲೆ ಕಾಫಿ ಕುದಿಯುವಾಗ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿತ್ತಲ ಕಡೆ ನಡೆಯುತ್ತಾಳೆ. ಆದರೆ ಅದೇ ಹೆಣ್ಣಿಗೆ ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ರೂಢಿಯಿದ್ದರೆ ಅದು ಮಾತ್ರ ಅಷ್ಟು ಸುಲಭವಾಗಿ ಬಿಟ್ಟುಹೋಗುವುದಿಲ್ಲ. ಕೆಲವರಲ್ಲಿ ಇನ್ನೂ ಹೆಚ್ಚುತ್ತದೆ. ಕೇಳಿದರೆ, ಹಾಕಿಕೊಂಡರೆ ವಾಕರಿಕೆ ನಿಲ್ಲುತ್ತದೆ ಎಂಬ ಉತ್ತರ. ಮನೆಯ ಹಿರಿಯರು ಇದನ್ನು ಬಸುರಿಯ ಬಯಕೆಗಳ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗುತ್ತಾರೆ. ಆಸ್ಪತ್ರೆಗೆ ಬಂದರೆ ಅದಕ್ಕೆ ಹಟವೆಂದೋ ಅಜ್ಞಾನವೆಂದೋ ಹೆಸರು. ಹೊಟ್ಟೆಯಲ್ಲಿರುವ ಮಗುವಿಗಾಗಿ ಇಷ್ಟೂ ಬಿಡಲಾಗದೆ ಎಂಬ ಮಾತು ಆಮೇಲೆ ಬಂದೇ ಬರುತ್ತದೆ.

ಒಂದನ್ನು ದೂರ ತಳ್ಳುವ ದೇಹ ಇನ್ನೊಂದನ್ನು ಯಾಕೆ ಹತ್ತಿರ ಕರೆಯುತ್ತದೆ? ಈ ಪ್ರಶ್ನೆಗೆ ಉತ್ತರದ ಒಂದು ದೊಡ್ಡ ಪಾಲು ಪಿತ್ತಜನಕಾಂಗದಲ್ಲಿದೆ. ಅದನ್ನು ತಿಳಿದುಕೊಂಡರೆ ಚಟಕ್ಕೆ ಸಿಕ್ಕ ಬಸುರಿ ಬಾಣಂತಿಯರನ್ನು ಹೇಗೆ ನೋಡಿಕೊಳ್ಳಬೇಕು ಎನ್ನುವುದೂ ಬೇರೆಯಾಗಿ ಕಾಣತೊಡಗುತ್ತದೆ.

ವಸ್ತಾರೆಯಿಂದ ಆಲ್ದೂರು, ಮೂಡಿಗೆರೆ, ಅತ್ತ ಕಳಸದವರೆಗಿನ ತೋಟಗಳಲ್ಲಿ ಹೆಂಗಸರ ಚಟ ಎಂದರೆ ಮುಖ್ಯವಾಗಿ ಅಗಿಯುವ ತಂಬಾಕು. ಬೀಡಿ ಸಿಗರೇಟು ಸೇದುವ ಹೆಂಗಸರು ನಮ್ಮ ರಾಜ್ಯದಲ್ಲಿ ತೀರಾ ವಿರಳ. ಆದರೆ 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಹೆಂಗಸರಲ್ಲಿ ಸುಮಾರು ನೂರಕ್ಕೆ ಹತ್ತು ಮಂದಿ ಹೊಗೆಯಿಲ್ಲದ ತಂಬಾಕು ಬಳಸುತ್ತಾರೆ. ಹೆಂಡದ ಲೆಕ್ಕ ಬೇರೆ: 2019ರ ರಾಷ್ಟ್ರೀಯ ವರದಿಯಲ್ಲಿ ಮದ್ಯ ಕುಡಿಯುವ ಗಂಡಸರು ಶೇ. 27.3, ಹೆಂಗಸರು ಶೇ. 1.6. ತೋಟಗಳ ಲೈನು ಮನೆಗಳಲ್ಲಿ ಸಾರಾಯಿಯ ಕಷ್ಟವನ್ನು ಹೆಂಗಸರು ಹೆಚ್ಚಾಗಿ ಅನುಭವಿಸಿದ್ದು ಗಂಡನ ಬಾಟಲಿಯಿಂದ. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು, ಆ ಕಷ್ಟ ನಿಲ್ಲಲಿಲ್ಲ. ಅದು ಬೇರೆಯದೇ ಅಧ್ಯಾಯ ಬೇಡುವ ವಿಷಯ. ಇಲ್ಲಿ ಎಲೆಯಡಿಕೆಯ ಸಂಚಿಯ ಕಡೆಗೇ ಗಮನ ಕೊಡೋಣ.

ಸುಣ್ಣದ ಕೆಲಸ

ಕಾಫಿ ಕೊಯ್ಲಿನ ದಿನ ಹತ್ತು ಗಂಟೆಯ ಬಿಡುವಿನಲ್ಲಿ ಸಿಲ್ವರ್ ಮರದ ಬುಡದಲ್ಲಿ ಕೂತ ಹೆಂಗಸಿನ ಕೈಗಳನ್ನು ನೋಡಬೇಕು. ಸೊಂಟದ ಸಂಚಿ ಹೊರಬರುತ್ತದೆ. ವೀಳ್ಯದೆಲೆಯನ್ನು ಸೆರಗಿಗೆ ಒರೆಸಿ, ತೊಟ್ಟು ಮುರಿದು, ಬೆನ್ನಿನ ನಾರು ಎಳೆದು, ತೋರುಬೆರಳ ತುದಿಯಿಂದ ಸುಣ್ಣ ಸವರುತ್ತಾಳೆ. ಒಂದೆರಡು ಹೋಳು ಅಡಿಕೆ ಬಾಯಿಗೆ ಹೋಗುತ್ತವೆ. ಎಲೆ ಮಡಿಚಿ ಅದರ ಹಿಂದೆ ಇಡುತ್ತಾಳೆ. ಕೊನೆಗೆ ಒಂದು ಎಸಳು ಹೊಗೆಸೊಪ್ಪನ್ನು ಎಡಗೈಯಲ್ಲಿ ತಿಕ್ಕಿ ಕೆನ್ನೆಯೊಳಗೆ ಒತ್ತುತ್ತಾಳೆ. ಎಲ್ಲ ಸೇರಿ ಒಂದು ನಿಮಿಷವೂ ಆಗುವುದಿಲ್ಲ. ಈ ಒಂದು ನಿಮಿಷದಲ್ಲಿ ಬಹಳ ಜಾಣತನದ ರಸಾಯನಶಾಸ್ತ್ರ ನಡೆದಿರುತ್ತದೆ, ಮತ್ತು ಅದರ ಕೀಲಿ ಇರುವುದು ಸುಣ್ಣದಲ್ಲಿ.

ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ಗಿಡಕ್ಕೆ ತನ್ನ ರಕ್ಷಣೆಗಾಗಿ ಬೇಕಾದ ವಿಷ. ಮಳೆಗಾಲದಲ್ಲಿ ಇಂಬಳ ಹತ್ತದಿರಲಿ ಎಂದು ಕಾಲಿಗೆ ಹೊಗೆಸೊಪ್ಪು ಸುಣ್ಣ ತಿಕ್ಕಿಕೊಳ್ಳುವವರಿಗೆ, ಗಿಡಹೇನಿಗೆ ತಂಬಾಕಿನ ಕಷಾಯ ಚಿಮುಕಿಸುತ್ತಿದ್ದ ಹಳಬರಿಗೆ ಇದನ್ನು ವಿವರಿಸಬೇಕಿಲ್ಲ. ಎಲೆಯೊಳಗೆ ಈ ನಿಕೋಟಿನ್ ಹುಳಿಯ ಅಂಶಗಳಿಗೆ ಅಂಟಿಕೊಂಡಿರುತ್ತದೆ. ಹಾಗೆ ಅಂಟಿಕೊಂಡಿರುವಾಗ ಅದು ಕೆನ್ನೆಯ ಒಳಪದರವನ್ನು ದಾಟಲಾರದು. ತೋಟದ ಬೇಲಿಯ ತಡಮೆಯನ್ನು ನೆನಪಿಸಿಕೊಳ್ಳಿ: ಬರಿಗೈಯವರು ಸಲೀಸಾಗಿ ನುಸುಳಿ ಹೋಗುತ್ತಾರೆ, ಸೌದೆ ಹೊರೆ ಹೊತ್ತವರು ಆಚೆಯೇ ನಿಲ್ಲಬೇಕು. ಸುಣ್ಣ ಬಾಯಿಯ ಹುಳಿಯನ್ನು ಮುರಿದು ನಿಕೋಟಿನ್ನಿನ ತಲೆಹೊರೆಯನ್ನು ಇಳಿಸುತ್ತದೆ. ಹೊರೆ ಇಳಿದ ನಿಕೋಟಿನ್ ತಡಮೆ ದಾಟಿ ನೇರ ರಕ್ತಕ್ಕೆ ಸೇರುತ್ತದೆ. ಸುಣ್ಣ ಕಡಿಮೆಯಾದರೆ ಹಾಕಿದ್ದು ಹತ್ತಲಿಲ್ಲ ಎಂದು ಅಗಿಯುವವರು ಹೇಳುವುದು ಬರೀ ರುಚಿಯ ಮಾತಲ್ಲ.

ರಕ್ತದಿಂದ ಮಿದುಳಿಗೆ ದಾರಿ ಬಹಳ ಹತ್ತಿರ. ಅಲ್ಲಿ ನಿಕೋಟಿನ್ ಬಂದು ಕೂರುವುದಕ್ಕೆ ಹೇಳಿ ಮಾಡಿಸಿದಂಥ ಜಾಗಗಳಿವೆ. ದಿನಾ ಕಾಳು ಎರಚಿದರೆ ಅಂಗಳಕ್ಕೆ ಬರುವ ಕೋಳಿಗಳು ಹೆಚ್ಚುತ್ತವಲ್ಲ, ಹಾಗೆ ತಿಂಗಳುಗಟ್ಟಲೆ ನಿಕೋಟಿನ್ ಬೀಳುತ್ತಿದ್ದರೆ ಮಿದುಳಿನಲ್ಲಿ ಅದನ್ನು ಹಿಡಿಯುವ ಜಾಗಗಳ ಸಂಖ್ಯೆಯೇ ಏರುತ್ತದೆ. ಕಾಳು ಬೀಳದ ಹೊತ್ತು ಆ ಕೋಳಿಗಳೆಲ್ಲ ಹೊಸಿಲಿಗೆ ಬಂದು ಗದ್ದಲ ಎಬ್ಬಿಸುತ್ತವೆ. ಈ ಗದ್ದಲವನ್ನು 'ಬಿಡುಬಾಧೆ' ಎಂದು ಕರೆಯೋಣ. ವೈದ್ಯರು ವಿತ್‌ಡ್ರಾವಲ್ ಎನ್ನುತ್ತಾರೆ. ಸಿಡುಕು, ತಲೆನೋವು, ಕೈಗೆ ಕೆಲಸ ಹತ್ತದಿರುವುದು, ನಿದ್ದೆಗೇಡು, ಹೊಟ್ಟೆಯೊಳಗಿನ ಕಸಿವಿಸಿ ಎಲ್ಲವೂ ಅದರಲ್ಲಿ ಸೇರಿವೆ. ಬಸುರಿನ ವಾಕರಿಕೆಯ ಜೊತೆಗೆ ಬಿಡುಬಾಧೆಯ ಕಸಿವಿಸಿಯೂ ಸೇರಿಕೊಂಡಾಗ ಒಂದು ಎಸಳು ಹೊಗೆಸೊಪ್ಪು ಎರಡರಲ್ಲಿ ಒಂದನ್ನು ತಣಿಸುತ್ತದೆ. ಆಕೆಗೆ ಅದು ವಾಕರಿಕೆಯ ಮದ್ದಾಗಿ ಕಾಣುವುದು ಹೀಗೆ. ನಿಕೋಟಿನ್ ಹಸಿವನ್ನೂ ಮಂದ ಮಾಡುತ್ತದೆ. ಕೆಜಿ ಲೆಕ್ಕದಲ್ಲಿ ಹಣ್ಣು ಕೊಯ್ದು ಕೂಲಿ ಪಡೆಯುವವಳಿಗೆ ಊಟದ ಹೊತ್ತನ್ನು ಮುಂದೂಡುವ ವಸ್ತುವಿನ ಬೆಲೆ ಏನೆಂದು ಬೇರೆ ಹೇಳಬೇಕಿಲ್ಲ.

ಅಗಲವಾದ ಕಂಡಿ

ಈಗ ಪಿತ್ತಜನಕಾಂಗಕ್ಕೆ ಬರೋಣ. ದೇಹಕ್ಕೆ ಹೊರಗಿನಿಂದ ಬಂದ ವಸ್ತುಗಳನ್ನು ಮುರಿದು ಹೊರಗೆ ಕಳಿಸುವ ಕೆಲಸ ಅದರದು. ಕಾಫಿಯ ಕೆಫೀನಿಗೆ ಅಲ್ಲಿ ಒಂದು ಮುರಿಕ, ನಿಕೋಟಿನ್ನಿಗೆ ಇನ್ನೊಂದು. ಮುರಿಕ ಎಂದರೆ ಎನ್‌ಜೈಮ್, ವಸ್ತುವನ್ನು ತುಂಡು ಮಾಡುವ ಅಣು. ಬಸುರಿನಲ್ಲಿ ಹೆಣ್ಣುಚೋದಕಗಳ, ಅಂದರೆ ಹೆಣ್ಣು ಹಾರ್ಮೋನುಗಳ, ಮಟ್ಟ ಏರಿದಾಗ ಈ ಎರಡು ಮುರಿಕಗಳು ಎದುರುಬದುರು ದಿಕ್ಕಿಗೆ ನಡೆಯುತ್ತವೆ. ಕೆಫೀನನ್ನು ಮುರಿಯುವುದು ನಿಧಾನವಾಗುತ್ತದೆ. ಸಾಮಾನ್ಯ ದಿನಗಳಲ್ಲಿ ಕುಡಿದ ಕಾಫಿಯ ಕೆಫೀನಿನಲ್ಲಿ ಅರ್ಧ ಇಳಿಯಲು ಸುಮಾರು 5 ಗಂಟೆ ಸಾಕು. ತುಂಬು ಬಸುರಿಯಲ್ಲಿ ಅದಕ್ಕೆ 15 ಗಂಟೆಗೂ ಮೀರಿ ಬೇಕಾಗುತ್ತದೆ. ಬೆಳಗ್ಗೆ ಕುಡಿದ ಒಂದು ಲೋಟ ರಾತ್ರಿ ಮಲಗುವಾಗಲೂ ಆಕೆಯ ರಕ್ತದಲ್ಲಿ ಅರ್ಧದಷ್ಟು ಉಳಿದಿರುತ್ತದೆ. ಬಸುರಿಯರು ಕಾಫಿ ಕಡಿಮೆ ಮಾಡಲಿ ಎಂದು ವೈದ್ಯರು ಹೇಳುವುದರ ಹಿಂದೆ ಈ ಲೆಕ್ಕವೂ ಇದೆ.

ನಿಕೋಟಿನ್ನಿನ ಕತೆ ತಿರುವುಮುರುವು. ಕ್ಯಾಲಿಫೋರ್ನಿಯಾದ ಸಂಶೋಧಕರು ಧೂಮಪಾನದ ರೂಢಿಯಿದ್ದ 10 ಮಂದಿ ಹೆಂಗಸರನ್ನು ಬಸುರಿನಲ್ಲಿ ಒಮ್ಮೆ, ಹೆರಿಗೆಯ ನಂತರ ಇನ್ನೊಮ್ಮೆ ಪರೀಕ್ಷಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದೇ ಹೆಣ್ಣಿನ ದೇಹ ಬಸುರಿನಲ್ಲಿದ್ದಾಗ ನಿಕೋಟಿನ್ನನ್ನು ಶೇ. 60ರಷ್ಟು ಹೆಚ್ಚು ವೇಗದಲ್ಲಿ ತೊಳೆದು ಹಾಕುತ್ತಿತ್ತು. ನಿಕೋಟಿನ್ ಮುರಿದಾಗ ಉಳಿಯುವ ಕೊಟಿನಿನ್ ಎಂಬ ವಸ್ತು ಅರ್ಧಕ್ಕಿಳಿಯಲು ಬಸುರಿಲ್ಲದಾಗ ಸುಮಾರು 17 ಗಂಟೆ ಹಿಡಿಯುತ್ತಿದ್ದರೆ ಬಸುರಿನಲ್ಲಿ 9 ಗಂಟೆಗೇ ಇಳಿಯುತ್ತಿತ್ತು. ಹತ್ತು ಮಂದಿಯ ಅಧ್ಯಯನ ಚಿಕ್ಕದೇ, ಆದರೆ ಆಮೇಲೆ ಇಂಗ್ಲೆಂಡಿನಲ್ಲಿ ನಡೆದ ಅಳತೆಗಳೂ ಅದೇ ದಿಕ್ಕನ್ನು ತೋರಿಸಿದವು. ಅವರೆಲ್ಲ ಸಿಗರೇಟು ಸೇದುವವರು, ನಮ್ಮವರು ಅಗಿಯುವವರು ಎಂದು ಯಾರಾದರೂ ಕೇಳಬಹುದು. ನಿಕೋಟಿನ್ ಶ್ವಾಸದಿಂದ ಬಂದರೂ ಕೆನ್ನೆಯಿಂದ ಬಂದರೂ ರಕ್ತ ಸೇರಿದ ಮೇಲೆ ಪಿತ್ತಜನಕಾಂಗಕ್ಕೆ ಅದು ಒಂದೇ ನಿಕೋಟಿನ್. ಆ ಅಧ್ಯಯನದಲ್ಲೂ ಅದನ್ನು ರಕ್ತನಾಳಕ್ಕೇ ಕೊಟ್ಟು ಅಳೆದಿದ್ದರು.

ಗದ್ದೆಯ ಅಂಚಿನಲ್ಲಿ ನೀರು ಹೊರಹೋಗುವ ಕಂಡಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೇಲಿನಿಂದ ಬರುವ ನೀರು ಎಷ್ಟೇ ಇರಲಿ, ಗದ್ದೆಯಲ್ಲಿ ನಿಲ್ಲುವ ಮಟ್ಟವನ್ನು ನಿರ್ಧರಿಸುವುದು ಕಂಡಿಯ ಅಗಲ. ಯಾರೋ ರಾತ್ರಿ ಬಂದು ಕಂಡಿಯನ್ನು ಒಂದೂವರೆ ಪಟ್ಟು ಅಗಲ ಮಾಡಿದರು ಎನ್ನಿ. ಬೆಳಗ್ಗೆ ನೋಡಿದರೆ ಸಸಿಯ ಬುಡ ಒಣಗಿದೆ. ಗದ್ದೆಯ ಒಡೆಯ ತನಗೆ ಗೊತ್ತಿರುವ ಒಂದೇ ಕೆಲಸ ಮಾಡುತ್ತಾನೆ, ಇನ್ನಷ್ಟು ನೀರು ತಿರುಗಿಸುತ್ತಾನೆ. ಬಸುರಿಯ ದೇಹದಲ್ಲಿ ನಡೆಯುವುದು ಇದೇ. ಮೊದಲಿನಷ್ಟೇ ಹಾಕಿದರೂ ರಕ್ತದಲ್ಲಿ ನಿಲ್ಲುವ ನಿಕೋಟಿನ್ನಿನ ಮಟ್ಟ ಕಡಿಮೆ. ಕೋಳಿಗಳು ಬೇಗ ಹೊಸಿಲಿಗೆ ಬರುತ್ತವೆ. ಮಧ್ಯಾಹ್ನಕ್ಕೆ ತೆರೆಯಬೇಕಿದ್ದ ಸಂಚಿ ಹನ್ನೊಂದಕ್ಕೇ ತೆರೆದುಕೊಳ್ಳುತ್ತದೆ. ಮಗುವಿನ ಮೇಲಿನ ಪ್ರೀತಿ ಎಷ್ಟು ಎಂಬುದು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಬಸುರಿನಲ್ಲಿ ತಂಬಾಕು ಬಿಡುವುದು ಬೇರೆ ಕಾಲಕ್ಕಿಂತ ಸುಲಭವಾಗಬೇಕು ಎಂದು ನಾವು ಭಾವಿಸಿರುತ್ತೇವೆ. ಮನಸ್ಸಿನ ಮಟ್ಟಿಗೆ ಅದು ನಿಜ, ಬಿಡಬೇಕೆಂಬ ಆಸೆ ಆಗ ಹೆಚ್ಚಿರುತ್ತದೆ. ದೇಹದ ಮಟ್ಟಿಗೆ ಅದು ಅತಿ ಕಷ್ಟದ ಕಾಲ.

ಮಾಸಿನ ಆಚೆ

ಹಾಗಾದರೆ ಬಿಡದಿದ್ದರೆ ಏನಾಗುತ್ತದೆ? ಮಾಸು, ಅಂದರೆ ಪ್ಲಾಸೆಂಟಾ, ತಾಯಿಯ ರಕ್ತದಿಂದ ಉಸಿರು ಮತ್ತು ಆಹಾರವನ್ನು ಮಗುವಿಗೆ ದಾಟಿಸುವ ಅಂಗ. ಅದು ಬಹಳ ಸಂಗತಿಗಳನ್ನು ತಡೆಯುತ್ತದೆ, ನಿಕೋಟಿನ್ನನ್ನು ತಡೆಯುವುದಿಲ್ಲ. ನಿಕೋಟಿನ್ ರಕ್ತನಾಳಗಳನ್ನು ಬಿಗಿಯುವುದರಿಂದ ಮಾಸಿಗೆ ಬರುವ ರಕ್ತವೇ ಕಡಿಮೆಯಾಗಬಹುದು. ತಾಯಿಗೆ ರಕ್ತಹೀನತೆಯೂ ಇದ್ದರೆ, ರಾಜ್ಯದ ಬಸುರಿಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಅದಿದೆ, ಬರುವ ರಕ್ತದಲ್ಲಿ ಉಸಿರೂ ಕಮ್ಮಿ.

ಅಗಿಯುವ ತಂಬಾಕಿನ ಬಗ್ಗೆ ನಮ್ಮ ದೇಶದಲ್ಲೇ ನಡೆದ ಗಟ್ಟಿ ಅಧ್ಯಯನವೊಂದಿದೆ. ಪ್ರಕಾಶ್ ಗುಪ್ತಾ ಮತ್ತು ಶ್ರೀವಿದ್ಯಾ ಸುಬ್ರಮಣಿ ಅವರು ಮುಂಬಯಿಯ 1217 ಬಸುರಿಯರನ್ನು ಹೆರಿಗೆಯವರೆಗೆ ಅನುಸರಿಸಿ 2004ರಲ್ಲಿ ಬರೆದರು. ಬಡತನ, ವಯಸ್ಸು, ಓದು ಮೊದಲಾದ ಬೇರೆ ಕಾರಣಗಳನ್ನು ಲೆಕ್ಕದಿಂದ ತೆಗೆದ ಮೇಲೂ ತಂಬಾಕು ಬಳಸಿದ ತಾಯಂದಿರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆಯಿತ್ತು. ಹೆರಿಗೆ ಸರಾಸರಿ ಆರು ದಿನ ಮುಂಚೆಯೇ ಆಗುತ್ತಿತ್ತು. ತಿಂಗಳು ತುಂಬುವ ಮೊದಲೇ ಹುಟ್ಟುವ ಸಂಭವ ಸುಮಾರು 1.4 ಪಟ್ಟು. ಹೊಟ್ಟೆಯಲ್ಲೇ ಮಗು ಸಾಯುವ ಅಪಾಯವೂ ಎರಡೂವರೆ ಪಟ್ಟಿಗಿಂತ ಹೆಚ್ಚು ಎಂದು ಅದೇ ಗುಂಪಿನ ಮುಂದಿನ ಲೆಕ್ಕ ತೋರಿಸಿತು. 105 ಗ್ರಾಂ ಎಂದರೆ ಒಂದು ಹಿಡಿ ಕಾಫಿ ಹಣ್ಣಿನಷ್ಟು. ಮೂರು ಕೆಜಿಯ ಮಗುವಿಗೆ ಅದು ದೊಡ್ಡದಲ್ಲ. ಎರಡು ಕೆಜಿ ನಾನೂರು ಗ್ರಾಂ ಇರುವ ಮಗುವಿಗೆ, ಮೈಕೊರೆಯುವ ಜನವರಿಯ ಕಳಸದ ಚಳಿಯಲ್ಲಿ, ಅದು ಮೈ ಬಿಸಿ ಉಳಿಸಿಕೊಳ್ಳುವ ಕೊಬ್ಬು.

ಅಜ್ಜಿಯ ಮಾತು

ಇಲ್ಲಿ ಬರುವ ಆಕ್ಷೇಪಣೆಗಳು ಹಗುರವಾದವಲ್ಲ. ನಮ್ಮ ಅಜ್ಜಿ ದಿನವಿಡೀ ಹಾಕುತ್ತಿದ್ದಳು, ಎಂಟು ಹೆತ್ತಳು, ಏನಾಯಿತು ಎನ್ನುವುದು ಮೊದಲನೆಯದು. ಎಂಟು ಹೆತ್ತ ಅಜ್ಜಿಯರಲ್ಲಿ ಎಂಟನ್ನೂ ಉಳಿಸಿಕೊಂಡವರು ಎಷ್ಟು ಎಂದು ಮನೆಯ ಹಿರಿಯರನ್ನೇ ಕೇಳಬೇಕು. 1971ರಲ್ಲಿ ಭಾರತದಲ್ಲಿ ಸಾವಿರ ಹಸುಗೂಸುಗಳಲ್ಲಿ 129 ಮೊದಲ ಹುಟ್ಟುಹಬ್ಬ ಕಾಣುತ್ತಿರಲಿಲ್ಲ. 2020ರಲ್ಲಿ ಆ ಸಂಖ್ಯೆ 28. ಆ ಕಾಲದಲ್ಲಿ ಮಗು ಹೋಗುವುದಕ್ಕೆ ನೂರು ಕಾರಣಗಳಿದ್ದವು, ಅವುಗಳ ನಡುವೆ ಹೊಗೆಸೊಪ್ಪಿನ ಪಾಲನ್ನು ಹೆಕ್ಕಿ ತೆಗೆಯುವುದು ಯಾರಿಗೂ ಸಾಧ್ಯವಿರಲಿಲ್ಲ. ಉಳಿದ ಕಾರಣಗಳು ಒಂದೊಂದಾಗಿ ಕಡಿಮೆಯಾದಾಗಲೇ ಇದು ಕಣ್ಣಿಗೆ ಬೀಳುವುದು.

ಎರಡನೆಯದು ಸುಣ್ಣದ ಪರವಾದ ಮಾತು. ಬಾಣಂತಿಗೆ ಊಟವಾದ ಮೇಲೆ ವೀಳ್ಯ ಕೊಡುವುದು ನಮ್ಮಲ್ಲಿ ಹಳೆಯ ಪದ್ಧತಿ. ಸುಣ್ಣದಿಂದ ಮೂಳೆಗೆ ಬಲ, ಎಲೆಯಿಂದ ಜೀರ್ಣ ಎನ್ನುತ್ತಾರೆ. ಸುಣ್ಣದಲ್ಲಿ ಕ್ಯಾಲ್ಸಿಯಂ ಇರುವುದು ನಿಜವೇ, ಆ ಹಿರಿಯರ ಕಾಳಜಿಯೂ ನಿಜ. ಆದರೆ ಆ ಕ್ಯಾಲ್ಸಿಯಂ ರಾಗಿಯಲ್ಲಿ, ಹಾಲಿನಲ್ಲಿ, ಉಪಕೇಂದ್ರದಲ್ಲಿ ಕೊಡುವ ಮಾತ್ರೆಯಲ್ಲಿ ಯಾವ ಸಂಗಾತಿಯೂ ಇಲ್ಲದೆ ಸಿಗುತ್ತದೆ. ವೀಳ್ಯದ ನೆಪದಲ್ಲಿ ಬಿಟ್ಟಿದ್ದ ಹೊಗೆಸೊಪ್ಪು ಬಾಣಂತಿ ಕೋಣೆಗೆ ಮತ್ತೆ ಕಾಲಿಡುವುದು ಸುಲಭ.

ಮೂರನೆಯದು ಅಡಿಕೆಯದು, ಮಲೆನಾಡಿನಲ್ಲಿ ಕೂತು ಬರೆಯುವವರು ಇದನ್ನು ತಪ್ಪಿಸಿಕೊಂಡು ಹೋಗಬಾರದು. ಕಾಫಿ, ಕಾಳುಮೆಣಸಿನ ಜೊತೆ ಅಡಿಕೆಯೂ ಇಲ್ಲಿ ಎಷ್ಟೋ ಮನೆಗಳ ಒಲೆ ಉರಿಸುವ ಬೆಳೆ. ಆದರೂ ಅಡಿಕೆಯಲ್ಲಿ ಅರೆಕೊಲಿನ್ ಎಂಬ, ಮಿದುಳಿನ ಮೇಲೆ ಕೆಲಸ ಮಾಡುವ ತನ್ನದೇ ವಸ್ತುವಿದೆ. ಸ್ಪೇನಿನ ಬಾರ್ಸಿಲೋನಾದಲ್ಲಿ, ಅಡಿಕೆ ಅಗಿಯುತ್ತಿದ್ದ ಏಷ್ಯಾ ಮೂಲದ ತಾಯಂದಿರ ಕೂಸುಗಳ ಮೊದಲ ಮಲದಲ್ಲೇ ಅದು ಪತ್ತೆಯಾಯಿತು. ಅಂದರೆ ಮಾಸನ್ನು ಅದೂ ದಾಟುತ್ತದೆ. ತಂಬಾಕು ಸೇರಿಸದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಪ್ಪತ್ತು ವರ್ಷಗಳಿಗೂ ಹಿಂದೆಯೇ ವರ್ಗೀಕರಿಸಿದೆ. ಬೆಳೆಗಾರನ ಬದುಕಿನ ಪ್ರಶ್ನೆಯನ್ನು ಬಸುರಿಯ ಬಾಯಿಂದ ಪರಿಹರಿಸಲು ಆಗುವುದಿಲ್ಲ. ಒಂಬತ್ತು ತಿಂಗಳು ಮತ್ತು ಮೊಲೆಯೂಡಿಸುವಷ್ಟು ಕಾಲ ಆಕೆ ಅಡಿಕೆ ದೂರವಿಟ್ಟರೆ ಯಾರ ತೋಟವೂ ಹಾಳಾಗುವುದಿಲ್ಲ.

ಗದರಿಕೆಯ ಫಲ

ನಾಲ್ಕನೆಯ ಆಕ್ಷೇಪಣೆಯೇ ಎಲ್ಲಕ್ಕಿಂತ ಗಂಭೀರ. ಮಗುವಿಗೆ ಇಷ್ಟು ಹಾನಿಯಿದ್ದರೆ ತಾಯಿಯನ್ನು ಬೈದು, ಹೆದರಿಸಿ, ಬೇಕಾದರೆ ಶಿಕ್ಷಿಸಿ ಬಿಡಿಸುವುದರಲ್ಲಿ ತಪ್ಪೇನು? ಇದನ್ನು ಮಾಡಿ ನೋಡಿದ ಊರುಗಳಿವೆ. ಅಮೆರಿಕದ ಟೆನೆಸ್ಸಿ ರಾಜ್ಯ 2014ರಲ್ಲಿ, ಬಸುರಿನಲ್ಲಿ ಮಾದಕ ವಸ್ತು ಸೇವಿಸಿ ಮಗುವಿಗೆ ತೊಂದರೆಯಾದರೆ ತಾಯಿಯ ಮೇಲೆ ಮೊಕದ್ದಮೆ ಹೂಡಬಹುದು ಎಂಬ ಕಾನೂನು ತಂದಿತು. ಚಟಕ್ಕೆ ಸಿಕ್ಕ ಹೆಂಗಸರು ಹೆದರಿ ಆಸ್ಪತ್ರೆಗೆ ಬರುವುದನ್ನೇ ತಪ್ಪಿಸತೊಡಗಿದರು. 2016ರಲ್ಲಿ ಆ ಕಾನೂನನ್ನು ಮುಂದುವರಿಸದೆ ಕೈಬಿಟ್ಟರು. ನಮ್ಮಲ್ಲಿ ಅಂಥ ಕಾನೂನಿಲ್ಲ, ಆದರೆ ಅದರ ಕೆಲಸವನ್ನು ಒಂದು ಸಣ್ಣ ಗದರಿಕೆಯೂ ಮಾಡಬಲ್ಲದು. ತಪಾಸಣೆಯ ದಿನ ಎಲ್ಲರೆದುರು, ಅತ್ತೆಯ ಮುಂದೆ, 'ತಂಬಾಕು ತಿಂತೀಯೇನೇ?' ಎಂದು ಕೇಳಿದರೆ ಬರುವ ಉತ್ತರ 'ಇಲ್ಲ ಮೇಡಂ' ಎಂಬ ಎರಡೇ ಮಾತು. ಅಲ್ಲಿಗೆ ಆ ಬಾಗಿಲು ಮುಚ್ಚಿತು. ಮುಂದಿನ ತಿಂಗಳು ಆಕೆ ಬಾಯಿ ತೊಳೆದುಕೊಂಡು ಬರುತ್ತಾಳೆ, ಇಲ್ಲವೆ ಬರುವುದೇ ಇಲ್ಲ. ಆಕೆ ಬರದಿದ್ದರೆ ತಪ್ಪಿಹೋಗುವುದು ತಂಬಾಕಿನ ಮಾತು ಒಂದೇ ಅಲ್ಲ. ರಕ್ತದೊತ್ತಡ ನೋಡುವುದು, ಕಬ್ಬಿಣದ ಮಾತ್ರೆ, ಧನುರ್ವಾಯು ಚುಚ್ಚುಮದ್ದು ಎಲ್ಲವೂ ತಪ್ಪುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಕೊಟ್ಟ ಮಾರ್ಗಸೂಚಿ ಇದರ ಎದುರು ದಿಕ್ಕಿನದು. ಎಲ್ಲ ಬಸುರಿಯರನ್ನೂ, ಪ್ರತಿ ಭೇಟಿಯಲ್ಲೂ, ಯಾರನ್ನೂ ಬೇರೆ ಮಾಡದೆ ಕೇಳಿ ಎನ್ನುತ್ತದೆ ಅದು. ಎಲ್ಲರನ್ನೂ ಕೇಳಿದಾಗ ಕೇಳಿಸಿಕೊಂಡವಳಿಗೆ ಅವಮಾನವಿಲ್ಲ. ಲೈನು ಮನೆಯ ಜಗಲಿಯಲ್ಲಿ ಕೂತ ಆಶಾ ಕಾರ್ಯಕರ್ತೆ 'ಅಕ್ಕಾ, ದಿನಕ್ಕೆ ಎಷ್ಟು ಸಲ ಎಲೆಯಡಿಕೆ ಹಾಕ್ತೀರಿ? ಅದರ ಜೊತೆ ಏನೇನು ಸೇರಿಸ್ತೀರಿ? ಬಸುರಾದ ಮೇಲೆ ಹೆಚ್ಚಾಯ್ತಾ, ಕಮ್ಮಿಯಾಯ್ತಾ?' ಎಂದು ಕೇಳಿದರೆ ಉತ್ತರ ಒಂದು ಕತೆಯಾಗಿ ಬರುತ್ತದೆ. ಮೂರನೆಯ ಪ್ರಶ್ನೆಗೆ ಹೆಚ್ಚಾಯ್ತು ಎಂದರೆ, ಅದು ಕಂಡಿ ಅಗಲವಾದದ್ದರಿಂದ ಎಂದು ಆಕೆಗೆ ಹೇಳಬಹುದು. ತನ್ನ ದೇಹದಲ್ಲಿ ಏನು ನಡೆಯುತ್ತಿದೆ ಎಂದು ತಿಳಿದವಳಿಗೆ ತಾನು ಕೆಟ್ಟ ತಾಯಿಯೆಂಬ ಅಳುಕು ಅಷ್ಟರಮಟ್ಟಿಗೆ ಇಳಿಯುತ್ತದೆ. ಆ ಅಳುಕೇ ಎಷ್ಟೋ ಸಲ ಸಂಚಿಯ ಬಾಯಿ ಬಿಚ್ಚಿಸುವುದು.

ಒಂದು ಎಚ್ಚರವನ್ನು ಇಲ್ಲೇ ಹೇಳಬೇಕು. ತಂಬಾಕನ್ನು ಯಾವ ದಿನ ಬೇಕಾದರೂ ನಿಲ್ಲಿಸಬಹುದು. ಬಿಡುಬಾಧೆ ಕಾಡುತ್ತದೆ, ಜೀವಕ್ಕೆ ಅಪಾಯವಿಲ್ಲ. ದಿನಾ ಹೆಚ್ಚು ಕುಡಿಯುವ ಬಸುರಿ ಹಾಗೆ ಒಮ್ಮೆಗೇ ನಿಲ್ಲಿಸಕೂಡದು, ಫಿಟ್ಸ್ ಬರಬಹುದು. ಆಸ್ಪತ್ರೆಯಲ್ಲಿ ವೈದ್ಯರ ಕಣ್ಣೆದುರಿನಲ್ಲೇ ಆಗಬೇಕು. ಅಫೀಮು, ಹೆರಾಯಿನ್ ಜಾತಿಯ ವಸ್ತುಗಳಿಗೆ ಸಿಕ್ಕವರಿಗೆ ಥಟ್ಟನೆ ನಿಲ್ಲಿಸುವ ಬದಲು ಬ್ಯೂಪ್ರೆನಾರ್ಫಿನ್ ಅಥವಾ ಮೆಥಡೋನ್ ಎಂಬ ಔಷಧವನ್ನು ಅಳತೆಯಲ್ಲಿ ಕೊಟ್ಟು ಹೆರಿಗೆಯವರೆಗೂ ಆಮೇಲೂ ನಡೆಸಿಕೊಂಡು ಹೋಗುತ್ತಾರೆ. ಚಟ ಬಿಡಿಸುವುದು ಎಂದರೆ ಎಲ್ಲರಿಗೂ ಒಂದೇ ದಿನ ಒಂದೇ ಏಟು ಎಂಬ ಕಲ್ಪನೆ ಬಸುರಿಯ ವಿಷಯದಲ್ಲಿ ಅಪಾಯಕಾರಿ.

ಕೈಗೆ ಏನು ಕೊಡುವುದು

ಕಂಡಿಯ ಲೆಕ್ಕ ಚಿಕಿತ್ಸೆಯಲ್ಲೂ ಕಾಣಿಸಿಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ 1050 ಬಸುರಿಯರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅರ್ಧ ಮಂದಿಗೆ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ ಕೊಟ್ಟರು, ಉಳಿದವರಿಗೆ ನಿಕೋಟಿನ್ ಇಲ್ಲದ ಪಟ್ಟಿ. ಹೆರಿಗೆಯ ಹೊತ್ತಿಗೆ ಬಿಟ್ಟವರ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ: ಶೇ. 9.4 ಮತ್ತು ಶೇ. 7.6. ಬಸುರಿಯರಿಗೆ ಪಟ್ಟಿ ಕೆಲಸ ಮಾಡುವುದಿಲ್ಲ ಎಂದು ಇದನ್ನು ಓದಬಹುದು. ಹತ್ತಿರದಿಂದ ನೋಡಿದರೆ ಪಟ್ಟಿಯನ್ನು ಒಂದು ತಿಂಗಳಿಗಿಂತ ಹೆಚ್ಚು ಬಳಸಿದವರೇ ಬೆರಳೆಣಿಕೆಯಷ್ಟು. ಕಂಡಿ ಅಗಲವಾದ ಗದ್ದೆಗೆ ಮೊದಲಿನಷ್ಟೇ ನೀರು ಬಿಟ್ಟು ಸಸಿ ಯಾಕೆ ಒಣಗಿತು ಎಂದು ಕೇಳಿದ ಹಾಗೆ ಇದು ಎಂದು ನನಗೆ ಅನಿಸುತ್ತದೆ. ಪಟ್ಟಿಯ ಅಳತೆ ಬಸುರಿಯ ದೇಹಕ್ಕೆ ಸಾಲದಾಗಿ ಪ್ರಯೋಜನ ಕಾಣದೆ ಕಿತ್ತು ಹಾಕಿರಬಹುದು. ಪಟ್ಟಿಯೋ ಚೂಯಿಂಗ್ ಗಮ್ಮೋ ಬೇಕೇ, ಎಷ್ಟು ಬೇಕು ಎನ್ನುವುದನ್ನು ವೈದ್ಯರೇ ನಿರ್ಧರಿಸಬೇಕು. ಮೊದಲ ಮದ್ದು ಮಾತೇ.

ಮಾತಿನ ಜೊತೆ ಕೈಗೆ ಏನಾದರೂ ಕೊಟ್ಟರೆ? ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ 612 ಬಸುರಿಯರಲ್ಲಿ ಅರ್ಧ ಮಂದಿಗೆ, ಬಿಟ್ಟದ್ದು ಪರೀಕ್ಷೆಯಲ್ಲಿ ಖಚಿತವಾದರೆ ಹಂತ ಹಂತವಾಗಿ 400 ಪೌಂಡ್‌ವರೆಗೆ ಅಂಗಡಿಯ ಕೂಪನ್ ಕೊಡುವುದಾಗಿ ಹೇಳಿದರು. ಬಿಟ್ಟವರು ಆ ಗುಂಪಿನಲ್ಲಿ ಶೇ. 22.5, ಉಳಿದವರಲ್ಲಿ ಶೇ. 8.6. ಚಟ ಬಿಡುವುದಕ್ಕೆ ದುಡ್ಡು ಕೊಡುವುದೇ ಎಂದು ಹುಬ್ಬೇರಿಸುವವರಿದ್ದಾರೆ. ಆಸ್ಪತ್ರೆಯಲ್ಲಿ ಹೆತ್ತರೆ ಸರ್ಕಾರ ಹಣ ಕೊಡುತ್ತದೆ, ಅದು ಲಂಚವೆಂದು ಯಾರೂ ಅನ್ನುವುದಿಲ್ಲ. ಹೆರಿಗೆಗಳು ಮನೆಯಿಂದ ಆಸ್ಪತ್ರೆಗೆ ಬಂದದ್ದರಲ್ಲಿ ಅದರ ಪಾಲೂ ಇದೆ. ತೋಟದ ಕೆಲಸದವಳಿಗೆ ಹೊಗೆಸೊಪ್ಪು ಹಸಿವಿನ ಬದಲಿಯೂ ಆಗಿರುವಾಗ, ಹತ್ತು ಗಂಟೆಗೆ ಒಂದು ಮುಷ್ಟಿ ಹುರಿಗಡಲೆ, ಒಂದು ಕೋಳಿಮೊಟ್ಟೆ, ಮಧ್ಯಾಹ್ನ ಹೊತ್ತಿಗೆ ಸರಿಯಾದ ಊಟ ಸಿಗುವುದೂ ಒಂದು ಚಿಕಿತ್ಸೆಯೇ. ಎಲೆಯಿರಲಿ, ಸೊಪ್ಪು ಬೇಡ ಎಂಬ ಮಾತಿನಿಂದ ಶುರು ಮಾಡಿ, ದಿನದ ಮೊದಲ ಎಸಳನ್ನು ಒಂದು ಗಂಟೆ ಮುಂದೂಡುವುದು, ಆಮೇಲೆ ಎರಡು ಗಂಟೆ, ಬಾಯಿಗೆ ಲವಂಗವೋ ಸೋಂಪೋ ಕೊಡುವುದು ಎಲ್ಲ ದುಡ್ಡಿಲ್ಲದ ಉಪಾಯಗಳು. ಬಿಡಲು ನೆರವು ಬೇಕೆನ್ನುವವರಿಗೆ 1800-11-2356 ಎಂಬ ಉಚಿತ ದೂರವಾಣಿ ಇದೆ. ಮನಸ್ಸಿನ ಸಂಕಟಕ್ಕೆ 14416.

ಬಾಣಂತಿ ಕೋಣೆ

ಹೆರಿಗೆಯಾಯಿತು. ಎಲ್ಲರ ಕಣ್ಣೂ ಮಗುವಿನ ಕಡೆಗೆ ತಿರುಗಿತು. ಈ ತಿರುವಿನಲ್ಲೇ ತಾಯಿ ಕೈತಪ್ಪುವುದು. ಬಸುರಿನಲ್ಲಿ ಧೂಮಪಾನ ಬಿಟ್ಟಿದ್ದವರ ಬಗ್ಗೆ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಹೆರಿಗೆಯ ನಂತರದ ಆರು ತಿಂಗಳಲ್ಲಿ ನೂರಕ್ಕೆ ಸುಮಾರು 43 ಮಂದಿ ಮತ್ತೆ ಶುರು ಮಾಡಿದ್ದರು. ನಿದ್ದೆಯಿಲ್ಲದ ರಾತ್ರಿಗಳು, ಮೈಯ ನೋವು, ಮಗು ಹೊಟ್ಟೆಯಲ್ಲಿಲ್ಲ ಎಂಬ ಸಡಿಲಿಕೆ, ಕೆಲವರಿಗೆ ಹೆರಿಗೆಯ ಬೆನ್ನಿಗೇ ಬರುವ ಖಿನ್ನತೆ, ಇವೆಲ್ಲ ಕೂಡಿ ಎಳೆಯುತ್ತವೆ. ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ತಾಯಿ ಮತ್ತು ಮಗುವನ್ನು ಬೇರೆ ಮಾಡದೆ ಒಟ್ಟಿಗೇ ಇಟ್ಟುಕೊಂಡು ನೋಡುವ ಒಳರೋಗಿ ಘಟಕ ತೆರೆದದ್ದು ದೇಶದಲ್ಲೇ ಮೊದಲು. ಬಾಣಂತಿಯ ಮನಸ್ಸು ಮತ್ತು ಕೂಸಿನ ಮೈ ಒಂದೇ ರೋಗಿ ಎಂಬ ತಿಳುವಳಿಕೆ ಅದರ ಹಿಂದಿದೆ. ಮೂಡಿಗೆರೆಯ ಹೆಣ್ಣಿಗೆ ಬೆಂಗಳೂರು ದೂರ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರಗಳಂದು ನಡೆಯುವ ಮನೋಚೈತನ್ಯ ಚಿಕಿತ್ಸಾಲಯ ಆ ದೂರವನ್ನು ಸ್ವಲ್ಪ ಕಡಿಮೆ ಮಾಡುತ್ತದೆ.

ಮೊಲೆಹಾಲಿನ ಪ್ರಶ್ನೆ ಇಲ್ಲಿ ಬರಲೇಬೇಕು. ನಿಕೋಟಿನ್ ಹಾಲಿಗೂ ಇಳಿಯುತ್ತದೆ, ತಾಯಿಯ ರಕ್ತದಲ್ಲಿರುವುದಕ್ಕಿಂತ ಸುಮಾರು ಮೂರು ಪಟ್ಟು ಸಾಂದ್ರವಾಗಿ. ಹಾಗೆಂದು ತಂಬಾಕು ಹಾಕುವ ತಾಯಿ ಮೊಲೆಯೂಡಿಸಬಾರದು ಎಂದು ಹೇಳಿದರೆ ಅದು ದೊಡ್ಡ ತಪ್ಪಾಗುತ್ತದೆ. ಬಾಟಲಿ ಹಾಲು ಕಾಸಿ ತೊಳೆದು ಕೊಡುವ ಅನುಕೂಲವಿಲ್ಲದ ಲೈನು ಮನೆಯಲ್ಲಿ ಮೊಲೆಹಾಲು ನಿಂತರೆ ಭೇದಿ, ನ್ಯುಮೋನಿಯ ಬಾಗಿಲಿಗೆ ಬಂದ ಹಾಗೆ. ಹಾಲಿನಲ್ಲಿ ನಿಕೋಟಿನ್ ಅರ್ಧಕ್ಕಿಳಿಯಲು ಸುಮಾರು ಒಂದೂವರೆ ಗಂಟೆ ಬೇಕು. ಆದ್ದರಿಂದ ಬಿಡಲಾಗದಿದ್ದರೆ ಹಾಲೂಡಿಸಿದ ಮೇಲೆ ಹಾಕಲಿ, ಊಡಿಸುವ ಮೊದಲು ಬೇಡ. ಎಷ್ಟು ಅಂತರ ಸಿಕ್ಕರೆ ಅಷ್ಟು ಒಳ್ಳೆಯದು. ಅದಕ್ಕೆ ಮಗು ತಾಯಿಯ ಹತ್ತಿರವಿರಬೇಕು. 1951ರ ತೋಟ ಕಾರ್ಮಿಕರ ಕಾಯ್ದೆ 50 ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟಗಳಲ್ಲಿ ಶಿಶುಪಾಲನಾ ಕೋಣೆ ಇರಬೇಕೆಂದು ಬರೆದಿತ್ತು. ನಮ್ಮ ಕಾಫಿಯ ಬಹುಪಾಲು ಹಿಡುವಳಿಗಳು ಸಣ್ಣವು, ಆ ಸಂಖ್ಯೆಯ ಹತ್ತಿರಕ್ಕೂ ಬಾರದವು. ಅಲ್ಲಿ ಮರದ ಕೊಂಬೆಗೆ ಕಟ್ಟಿದ ಸೀರೆಯ ಜೋಲಿಯೇ ಪಾಲನಾ ಕೋಣೆ, ಹಾಲೂಡಿಸಲು ಎಷ್ಟು ಹೊತ್ತು ಸಿಗುತ್ತದೆ ಎನ್ನುವುದು ಕೆಲಸ ನೋಡಿಕೊಳ್ಳುವ ರೈಟರ ಮನಸ್ಸಿಗೆ ಬಿಟ್ಟದ್ದು.

ಈಗ ಕಂಡಿಗೆ ಮರಳೋಣ. ಹೆರಿಗೆಯಾಗಿ ಹೆಣ್ಣುಚೋದಕಗಳು ಇಳಿದ ಮೇಲೆ ಪಿತ್ತಜನಕಾಂಗ ತನ್ನ ಹಳೆಯ ವೇಗಕ್ಕೆ ಬರುತ್ತದೆ. ಇಂಗ್ಲೆಂಡಿನ ಅಳತೆಗಳ ಪ್ರಕಾರ ನಾಲ್ಕು ವಾರದ ಹೊತ್ತಿಗೆ ನಿಕೋಟಿನ್ನಿನ ಕಂಡಿ ಮತ್ತೆ ಕಿರಿದಾಗಿರುತ್ತದೆ. ಇದರಿಂದ ಎರಡು ಸಂಗತಿ ಹೊರಡುತ್ತವೆ. ಬಸುರಿನಲ್ಲಿ ಏರಿಸಿಕೊಂಡ ಲೆಕ್ಕದಲ್ಲೇ ಆಕೆ ಹಾಕುತ್ತಿದ್ದರೆ ರಕ್ತದಲ್ಲಿ, ಅದರ ಹಿಂದೆಯೇ ಹಾಲಿನಲ್ಲಿ, ನಿಕೋಟಿನ್ ಮೊದಲಿಗಿಂತ ಹೆಚ್ಚು ನಿಲ್ಲುತ್ತದೆ. ಕಡಿಮೆ ಮಾಡಿಕೊಂಡು ಬಂದಿದ್ದರೆ ಅದೇ ಒಂದೆರಡು ಎಸಳು ಮುಂಚಿಗಿಂತ ಹೆಚ್ಚು ಹೊತ್ತು ತಡೆಯುತ್ತದೆ, ಬಿಡುಬಾಧೆ ತುಸು ಹಗುರಾಗುತ್ತದೆ. ಬಸುರಿನಲ್ಲಿ ಬಿಡಲಾಗದವಳು ಬಿಡಲು ದೇಹವೇ ಅನುಕೂಲ ಮಾಡಿಕೊಡುವ ಕಾಲ ಇದು, ನಾವು ಆಕೆಯನ್ನು ಕೇಳುವುದನ್ನು ನಿಲ್ಲಿಸುವ ಕಾಲವೂ ಇದೇ.

ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ ಆರು ಸಲ ಬರಬೇಕೆಂಬ ನಿಯಮವಿದೆ: 3, 7, 14, 21, 28 ಮತ್ತು 42ನೇ ದಿನ. ಆಕೆ ಮಗುವನ್ನು ತೂಗುತ್ತಾಳೆ, ಹೊಕ್ಕುಳು ನೋಡುತ್ತಾಳೆ, ಮೈ ಬಿಸಿಯಿದೆಯೇ ಎಂದು ಮುಟ್ಟಿ ನೋಡುತ್ತಾಳೆ. 28 ಮತ್ತು 42ನೇ ದಿನಗಳು ಕಂಡಿ ಕಿರಿದಾದ ಹೊತ್ತಿಗೆ ಸರಿಯಾಗಿ ಬೀಳುತ್ತವೆ. ತಕ್ಕಡಿಯ ಜೋಲಿಯಿಂದ ಮಗುವನ್ನೆತ್ತಿ ತಾಯಿಯ ಮಡಿಲಿಗೆ ಹಾಕಿದ ಮೇಲೆ, ಗೋಡೆಯ ಮೊಳೆಗೆ ನೇತುಹಾಕಿದ ಸಂಚಿಯ ಕಡೆ ನೋಡಿ, ಬಸುರಿನಲ್ಲಿ ಕೇಳಿದ ಆ ಮೂರು ಪ್ರಶ್ನೆಗಳನ್ನೇ ಮತ್ತೊಮ್ಮೆ ಅದೇ ದನಿಯಲ್ಲಿ ಕೇಳಲು ಐದು ನಿಮಿಷ ಸಾಕು.